ದೊಗಳೆ ಟೀಶರ್ಟ್‌ಗೆ ಮನೆಯಲ್ಲೇ ಫಿಟ್ಟಿಂಗ್

ಹೊಸ ಟೀಶರ್ಟ್ ದೊಗಳೆಯಾಗಿದೆಯೆಂದು ತಂದ ದಿನವೇ ಕತ್ತರಿ ಹಿಡಿದು ಕೂರಬೇಡಿ. ಹತ್ತಿಯದ್ದಾದರೆ ಮೊದಲು ಒಗೆದು ಪೂರ್ತಿ ಒಣಗಿಸಿ. ಟೀಶರ್ಟಿನಂಥ ಹೆಣಿಗೆ ಬಟ್ಟೆ ಮೊದಲ ಒಗೆತಕ್ಕೆ, ಅದರಲ್ಲೂ ಉದ್ದದಲ್ಲಿ, ಕುಗ್ಗುವುದೇ ಹೆಚ್ಚು. ಒಗೆಯದೆ ಹೊಲಿದರೆ ಇವತ್ತು ಸರಿಹೋದದ್ದು ಮುಂದಿನ ವಾರ ಬಿಗಿಯಾಗುತ್ತದೆ.

ಒಗೆದ ಮೇಲೆ ಹಾಕಿಕೊಂಡು ಭುಜ ನೋಡಿ. ಕೆಲಸ ಸುಲಭವೋ ಕಷ್ಟವೋ ಎಂದು ಅಲ್ಲೇ ಗೊತ್ತಾಗಿಬಿಡುತ್ತದೆ. ಭುಜದ ಮೂಳೆಯಿಂದ ತೋಳಿನ ಹೊಲಿಗೆ ಎರಡು ಮೂರು ಸೆಂಟಿಮೀಟರ್ ಕೆಳಗಿದ್ದರೆ ಅದನ್ನು ಮುಟ್ಟುವುದು ಬೇಡ, ಎರಡು ಬದಿ ಹಿಡಿಸಿದರೆ ಸಾಕು. ಐದಾರು ಸೆಂಟಿಮೀಟರ್ ಇಳಿದಿದ್ದರೆ ತೋಳು ಬಿಚ್ಚದೆ ಗತಿಯಿಲ್ಲ. ಬದಿ ಎಷ್ಟೇ ಹಿಡಿಸಿದರೂ ಭುಜ ಜೋತುಬಿದ್ದ ಟೀಶರ್ಟ್ ಬೇರೆಯವರಿಂದ ಎರವಲು ತಂದ ಹಾಗೆಯೇ ಕಾಣುತ್ತದೆ.

ಅಳತೆಗೆ ಟೇಪಿಗಿಂತ ಮೈಗೆ ಚೆನ್ನಾಗಿ ಕೂರುವ ಇನ್ನೊಂದು ಟೀಶರ್ಟ್ ಒಳ್ಳೆಯದು. ಅದೂ ಇದರಷ್ಟೇ ಹಿಗ್ಗುವ ಬಟ್ಟೆಯದ್ದಾಗಿರಲಿ. ರಬ್ಬರಿನಂತೆ ಹಿಗ್ಗುವ ಲೈಕ್ರಾ ನೂಲು ಬೆರೆತ ಟೀಶರ್ಟಿನ ಅಳತೆಯನ್ನು ದಪ್ಪ ಹತ್ತಿಯದ್ದಕ್ಕೆ ಹಾಕಿದರೆ ತಲೆಯ ಮೇಲಿಂದ ಇಳಿಸುವುದೇ ಪಾಡಾಗುತ್ತದೆ. ದೊಗಳೆಯದನ್ನು ಒಳಮೈ ಹೊರಗೆ ಬರುವಂತೆ ಮಗುಚಿ, ನೆಲದ ಮೇಲೆ ಎಳೆಯದೆ ಹಾಸಿ. ಅಳತೆಯದನ್ನು ಅದರ ಮೇಲಿಟ್ಟು ಕೊರಳಿನ ನಡು, ಭುಜದ ಇಳಿಜಾರು ಕೂಡಿಸಿ, ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಒಂದೇ ಬದಿಗೆ ಗುರುತು ಹಾಕಿ, ನಡುವಿಗೆ ಮಡಚಿ ಇನ್ನೊಂದು ಬದಿಗೆ ಇಳಿಸಿದರೆ ಎರಡೂ ಸಮ ಬರುತ್ತವೆ. ಮಡಚುವಾಗ ಭುಜದ ತುದಿಗೆ ಭುಜದ ತುದಿ ಸೇರಿಸಿ, ಕೆಳಗಿನ ಮೂಲೆಗಳನ್ನು ನಂಬಬೇಡಿ. ಒಗೆದ ಟೀಶರ್ಟಿನ ಬದಿ ಹೊಲಿಗೆ ತಿರುಚಿಕೊಂಡು ಮುಂದಕ್ಕೆ ಬಂದಿರುವುದುಂಟು. ಕೆಲವಕ್ಕೆ ಬದಿ ಹೊಲಿಗೆಯೇ ಇರುವುದಿಲ್ಲ, ಬಟ್ಟೆಯನ್ನು ಕೊಳವೆಯಂತೆ ಹೆಣೆದಿರುತ್ತಾರೆ.

ಲೆಕ್ಕ ತಪ್ಪುವುದು ಇಲ್ಲೇ. ಹಾಸಿಟ್ಟಾಗ ದೊಗಳೆಯದರ ಎದೆಯಗಲ 56 ಸೆಂಟಿಮೀಟರ್, ಅಳತೆಯದರದ್ದು 48 ಎನ್ನೋಣ. ವ್ಯತ್ಯಾಸ 8, ಅಂದರೆ ಒಂದೊಂದು ಬದಿಗೆ 4 ಮಾತ್ರ. ಎರಡೂ ಬದಿಗೆ ಎಂಟೆಂಟು ಹಿಡಿಸಿದರೆ ಹಾಸಿದ ಅಗಲ 40ಕ್ಕೆ ಇಳಿಯುತ್ತದೆ, ಸುತ್ತಳತೆಯಲ್ಲಿ 32 ಸೆಂಟಿಮೀಟರ್ ಹೋಯಿತು.

ಕಂಕುಳಿನಲ್ಲಿ ಗೆರೆ ಚೂಪು ಮೂಲೆಯಾಗಬಾರದು, ಬದಿಯಿಂದ ತೋಳಿಗೆ ನಿಧಾನವಾಗಿ ಬಾಗಬೇಕು. ಮೂಲೆ ಮಾಡಿದರೆ ಅಲ್ಲಿ ಬಟ್ಟೆ ಗಂಟುಗಟ್ಟಿದಂತೆ ನಿಂತು, ಕೈ ಎತ್ತಿದಾಗೆಲ್ಲ ಜಗ್ಗಿ ಹೊಲಿಗೆ ಬಿಡುತ್ತದೆ. ಆ ಬಾಗು ತೀರಾ ಕೆಳಗೂ ಬರಬಾರದು. ಬಂದರೆ ಕೈ ಎತ್ತಿದಾಗ ಇಡೀ ಟೀಶರ್ಟ್ ಹೊಟ್ಟೆಯ ಮೇಲಕ್ಕೆ ಏರುತ್ತದೆ.

ಇನ್ನು ಸೂಜಿ. ಮಾಮೂಲಿ ಚೂಪು ಸೂಜಿ ಹೆಣಿಗೆಯ ಎಳೆಯನ್ನೇ ಚುಚ್ಚಿ ಕಡಿಯುತ್ತದೆ. ಹೊಲಿದ ದಿನ ಏನೂ ಕಾಣುವುದಿಲ್ಲ, ನಾಲ್ಕು ಒಗೆತ ಕಳೆದ ಮೇಲೆ ಹೊಲಿಗೆಯುದ್ದಕ್ಕೂ ಸಣ್ಣ ತೂತುಗಳ ಸಾಲು ಏಳುತ್ತದೆ. ಬಾಲ್‌ಪಾಯಿಂಟ್ ಸೂಜಿಯ ತುದಿ ಮೊಂಡಾಗಿರುವುದರಿಂದ ಎಳೆಗಳನ್ನು ಸರಿಸಿಕೊಂಡು ಇಳಿಯುತ್ತದೆ. ತೆಳು ಬಟ್ಟೆಗೆ 11ನೇ ನಂಬರ್, ದಪ್ಪದ್ದಕ್ಕೆ 14. ದಾರ ಪಾಲಿಯೆಸ್ಟರ್‌ನದೇ ಆಗಲಿ, ಹತ್ತಿ ದಾರ ಎಳೆತಕ್ಕೆ ಕಡಿಯುತ್ತದೆ. ಮೆಷಿನ್ನಿನಲ್ಲಿ ಜಿಗ್‌ಜಾಗ್, ಅಂದರೆ ಅಂಕುಡೊಂಕು ಹೊಲಿಗೆ, ಇದ್ದರೆ ಅಗಲ 1 ಮಿಲಿಮೀಟರ್, ಉದ್ದ ಎರಡೂವರೆ ಇಡಿ. ಬರೀ ನೇರ ಹೊಲಿಗೆಯ ಹಳೆಯ ಮೆಷಿನ್ನಾದರೂ ನಡೆಯುತ್ತದೆ. ಸೂಜಿಯ ಹಿಂದೊಂದು ಕೈ ಮುಂದೊಂದು ಕೈ ಇಟ್ಟು ಬಟ್ಟೆಯನ್ನು ತುಸುವೇ ಬಿಗಿ ಹಿಡಿದು ಬಿಡುತ್ತ ಬನ್ನಿ. ಜೋರಾಗಿ ಎಳೆದರೆ ಹೊಲಿಗೆ ಅಲೆಅಲೆಯಾಗಿ ಏಳುತ್ತದೆ. ಮೆಷಿನ್ ಬಟ್ಟೆಯ ತುದಿಯನ್ನು ಒಳಗೆ ನುಂಗುತ್ತಿದ್ದರೆ ಅಡಿಗೆ ತೆಳು ಬಿಳಿ ಕಾಗದ ಕೊಟ್ಟು ಹೊಲಿದು, ಆಮೇಲೆ ಹರಿದು ತೆಗೆಯಿರಿ. ಅಚ್ಚಾದ ಕಾಗದ ಬೇಡ, ಮಸಿ ಹತ್ತುತ್ತದೆ. ಮೆಷಿನ್ನೇ ಇಲ್ಲದವರು ಕೈಯಲ್ಲಿ ಹಿಂದೊಂದು ಮುಂದೊಂದು ಹಾಕುವ ಬಖಿಯಾ ಹೊಲಿಗೆಯನ್ನು ಒತ್ತೊತ್ತಾಗಿ, ದಾರ ಬಿಗಿಯದೆ ಹಾಕಬಹುದು. ಗಂಟೆ ಹಿಡಿದರೂ ಗಟ್ಟಿ.

ಗೆರೆಯ ಮೇಲೆ ಮೊದಲು ಹಾಕುವುದು ಸುಲಭವಾಗಿ ಬಿಚ್ಚಬಹುದಾದ ಕಚ್ಚಾ ಹೊಲಿಗೆ, ಬೇರೆ ಬಣ್ಣದ ದಾರದಲ್ಲಿ. ಅದಕ್ಕೂ ಮೊದಲು ಕೆಳಅಂಚಿನ ಮಡಿಕೆಯನ್ನು ಬದಿಯ ಹತ್ತಿರ ಐದಾರು ಸೆಂಟಿಮೀಟರ್ ಬಿಚ್ಚಿಡಿ, ತೋಳಿನ ಅಂಚನ್ನೂ ಹಾಗೆಯೇ. ಮಡಿಕೆಯ ಮೇಲೆಯೇ ಹೊಲಿದರೆ ಮೂಲೆಯಲ್ಲಿ ದಪ್ಪ ಗಡ್ಡೆ ಉಳಿಯುತ್ತದೆ. ಈಗ ಹೊರಮೈ ಹೊರಗಿಟ್ಟು ಹಾಕಿಕೊಳ್ಳಿ. ಕೈ ಎತ್ತಿ, ಬಗ್ಗಿ, ಕೂತು ನೋಡಿ. ಎದೆಯ ಮೇಲೆ ಅಡ್ಡ ಗೆರೆ ಬಿದ್ದರೆ ಹೆಚ್ಚು ಹಿಡಿಸಿದ್ದೀರಿ, ಅರ್ಧ ಸೆಂಟಿಮೀಟರ್ ಬಿಟ್ಟುಕೊಡಿ. ಸರಿಯೆನಿಸಿದ ಮೇಲೆಯೇ ಪಕ್ಕಾ ಹೊಲಿಗೆ. ಅದರಾಚೆ ಒಂದು ಸೆಂಟಿಮೀಟರ್ ಬಿಟ್ಟು ಕತ್ತರಿಸಿ. ಈ ಬಟ್ಟೆ ಎಳೆ ಬಿಡುವುದಿಲ್ಲ, ತುದಿ ಕಟ್ಟುವ ಓವರ್‌ಲಾಕ್ ಹೊಲಿಗೆ ಇಲ್ಲದಿದ್ದರೂ ಚಿಂತೆಯಿಲ್ಲ.

ತೋಳು ಬಿಚ್ಚಬೇಕಾದವರು ಬದಿ ಹೊಲಿಗೆಯನ್ನೂ, ತೋಳಿನ ಕೆಳಹೊಲಿಗೆಯನ್ನೂ ಜೊತೆಗೇ ಬಿಚ್ಚಿಕೊಳ್ಳಲಿ. ತೋಳಿನ ಸುತ್ತು ಮುಚ್ಚಿರುವಾಗ ಕೂರಿಸುವುದು ದರ್ಜಿಗಳಿಗೇ ತಲೆನೋವು. ಅಳತೆಯ ಟೀಶರ್ಟ್ ನೋಡಿ ಭುಜ, ಕಂಕುಳಿನ ಸುತ್ತು ಕತ್ತರಿಸಿ, ಬಿಚ್ಚಿದ ತೋಳನ್ನೂ ಅದರ ತೋಳಿನಂತೆಯೇ ಕತ್ತರಿಸಿ. ಎರಡಕ್ಕೂ ಒಂದು ಸೆಂಟಿಮೀಟರ್ ಹೆಚ್ಚು ಬಿಡಿ. ತೋಳಿನ ನೆತ್ತಿಯ ನಡುವನ್ನು ಭುಜದ ಹೊಲಿಗೆಗೆ ಪಿನ್ ಮಾಡಿ, ಎರಡು ತುದಿಗಳನ್ನು ಕಂಕುಳಿಗೆ ಪಿನ್ ಮಾಡಿ, ಹಾಸಿಟ್ಟಂತೆಯೇ ಹೊಲಿಯಿರಿ. ಆಮೇಲೆ ತೋಳಿನ ತುದಿಯಿಂದ ಟೀಶರ್ಟಿನ ಕೆಳಗಿನವರೆಗೆ ಒಂದೇ ಉದ್ದ ಹೊಲಿಗೆ. ಎಡತೋಳು ಬಲತೋಳು ಅದಲುಬದಲಾಗದಂತೆ ಬಿಚ್ಚುವಾಗಲೇ ಒಳಮೈಯಲ್ಲಿ ಗುರುತು ಹಾಕಿಡಿ.

ಉದ್ದ ಕಡಿಮೆ ಮಾಡುವುದು ಬದಿ ಮುಗಿದ ಮೇಲೆ. ಬೇಕಾದ ಉದ್ದಕ್ಕಿಂತ ಎರಡೂವರೆ ಸೆಂಟಿಮೀಟರ್ ಹೆಚ್ಚು ಬಿಟ್ಟು ಕತ್ತರಿಸಿ, ಒಂದೇ ಮಡಿಕೆ ಹಾಕಿ ಇಸ್ತ್ರಿಯಿಂದ ಒತ್ತಿ. ಒತ್ತದಿದ್ದರೆ ಕತ್ತರಿಸಿದ ತುದಿ ಸುರುಳಿ ಸುತ್ತಿ ಕಾಡುತ್ತದೆ. ಒಂದೇ ಹಿಡಿಗೆ ಎರಡು ಸೂಜಿಯಿರುವ ಅವಳಿ ಸೂಜಿ ಸಿಕ್ಕಿದರೆ ಅಂಗಡಿಯದ್ದರಂತೆ ಎರಡು ಸಾಲು ಬೀಳುತ್ತದೆ, ಅಂಚೂ ಹಿಗ್ಗುತ್ತದೆ.

ಕೊರಳು ಅಗಲವಾಗಿದ್ದರೆ ಹಳೆಯ ಪಟ್ಟಿ ತೆಗೆದು ಚೆನ್ನಾಗಿ ಹಿಗ್ಗುವ ಏಣುಗೆರೆ ಹೆಣಿಗೆಯ ಹೊಸ ರಿಬ್ ಪಟ್ಟಿ ಕೂರಿಸಬೇಕು. ಕೊರಳಿನ ಸುತ್ತಿನ ಶೇಕಡ 85ರಷ್ಟು ಉದ್ದ, ಜೋಡಣೆಗೆ ಎರಡು ಸೆಂಟಿಮೀಟರ್ ಸೇರಿಸಿ. ಸುತ್ತು 60 ಇದ್ದರೆ ಪಟ್ಟಿ 53. ಎರಡನ್ನೂ ನಾಲ್ಕು ಪಾಲು ಮಾಡಿ ಪಿನ್ ಹಾಕಿ, ಪಟ್ಟಿಯನ್ನಷ್ಟೇ ಎಳೆಯುತ್ತ ಹೊಲಿಯಿರಿ.

ಎದೆಯ ಚಿತ್ರ ಬದಿಯವರೆಗೂ ಹರಡಿದ್ದರೆ ಮಾತ್ರ ಈ ಕೆಲಸಕ್ಕೆ ಕೈ ಹಾಕಬೇಡಿ. ರಬ್ಬರಿನಂಥ ಅಚ್ಚಿನಲ್ಲಿ ಸೂಜಿ ಚುಚ್ಚಿದ ತೂತು ಮುಚ್ಚುವುದಿಲ್ಲ, ಹೊಲಿಗೆ ಬಿಚ್ಚಿದರೂ ಉಳಿದುಬಿಡುತ್ತದೆ.