ಆಪ್ತ ಸಹಾಯಕರ ಮೂಲಕ ಮನವಿ ಮುಟ್ಟಿಸುವ ಬಗೆ

ಕೊಡಗಿನಲ್ಲಿರುವುದು ಮಡಿಕೇರಿ ಮತ್ತು ವಿರಾಜಪೇಟೆ ಎಂಬ ಎರಡೇ ವಿಧಾನಸಭಾ ಕ್ಷೇತ್ರಗಳು. ಬೆಟ್ಟಗುಡ್ಡಗಳ ನಡುವೆ ಚದುರಿದ ಊರುಗಳ ಅಹವಾಲುಗಳೆಲ್ಲ ಇಬ್ಬರು ಶಾಸಕರ ಕಚೇರಿಗೇ ಬಂದು ಸೇರುತ್ತವೆ. ಯಾವ ಅರ್ಜಿ ಇಂದೇ ಶಾಸಕರ ಕಣ್ಣಿಗೆ ಬೀಳಬೇಕು, ಯಾರಿಗೆ ಐದು ನಿಮಿಷ ಸಿಗಬೇಕು, ಯಾವ ಅಧಿಕಾರಿಗೆ ಮೊದಲು ಫೋನ್ ಹೋಗಬೇಕು ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವವರು ಜನರ ಬಾಯಲ್ಲಿ ‘ಪಿ.ಎ.’ ಆಗಿರುವ ಆಪ್ತ ಸಹಾಯಕರು. ಆದೇಶ ಹೊರಡಿಸುವ ಅಧಿಕಾರ ಅವರಿಗಿಲ್ಲ. ಸರದಿ ಮಾತ್ರ ಅವರ ಕೈಯಲ್ಲಿದೆ. ಈ ಪ್ರಭಾವ ಹೊಸತೂ ಅಲ್ಲ: ಪ್ರಧಾನಿ ನೆಹರೂ ಅವರ ಆಪ್ತ ಸಹಾಯಕರಾಗಿದ್ದ ಎಂ.ಒ. ಮಥಾಯ್ ಅವರ ಮೇಲಿನ ಆಕ್ಷೇಪಗಳು ಸಂಸತ್ತಿನವರೆಗೂ ಹೋಗಿ, 1959ರಲ್ಲಿ ಅವರು ರಾಜೀನಾಮೆ ಕೊಡಬೇಕಾಯಿತು.

ಆದ್ದರಿಂದ ಮನವಿಯನ್ನು ಆಪ್ತ ಸಹಾಯಕರು ಫೋನಿನಲ್ಲಿ ಹಾಗೆಯೇ ಓದಿ ಹೇಳಬಹುದಾದಂತೆ ಬರೆಯಬೇಕು. ಕಾಡಾನೆ ಗದ್ದೆಗೆ ನುಗ್ಗಿ ಪೈರು ತುಳಿದಿದೆ ಎನ್ನಿ. ‘ಆನೆ ಕಾಟ ತಪ್ಪಿಸಿಕೊಡಿ’ ಎಂಬ ಅರ್ಜಿ ಕಟ್ಟಿನ ಅಡಿಗೆ ಸೇರುತ್ತದೆ. ಅದರ ಬದಲು, ವಲಯ ಅರಣ್ಯಾಧಿಕಾರಿಯವರಿಗೆ ಪರಿಹಾರದ ಅರ್ಜಿ ಕೊಟ್ಟ ದಿನಾಂಕ, ಸ್ವೀಕೃತಿಯ ಸಂಖ್ಯೆ, ಸರ್ವೆ ನಂಬರು, ಇನ್ನೂ ಸ್ಥಳ ಪರಿಶೀಲನೆ ನಡೆದಿಲ್ಲವೆಂಬ ಸಂಗತಿ, ಅದಕ್ಕೊಂದು ದಿನ ಗೊತ್ತುಪಡಿಸಲು ಸೂಚಿಸಬೇಕೆಂಬ ಕೋರಿಕೆ, ಇಷ್ಟನ್ನು ಒಂದೇ ಪುಟದಲ್ಲಿ ಬರೆದರೆ ಅಧಿಕಾರಿಗೆ ‘ನೋಡೋಣ’ ಎಂದು ಜಾರಿಕೊಳ್ಳಲು ಆಸ್ಪದವಿರುವುದಿಲ್ಲ.

ಮನವಿಯನ್ನು ಖುದ್ದಾಗಿ ಕೊಟ್ಟು, ನಕಲು ಪ್ರತಿಯ ಮೇಲೆ ಸಹಿ ಮತ್ತು ದಿನಾಂಕ ಹಾಕಿಸಿಕೊಳ್ಳುವುದು ಒಳ್ಳೆಯದು. ಶಾಸಕರು ಪತ್ರ ಬರೆದರೆ ಅದರ ಸಂಖ್ಯೆಯನ್ನು ಕೇಳಿ ಪಡೆಯಿರಿ. ‘ನಿಯಮಾನುಸಾರ ಪರಿಶೀಲಿಸಿ’ ಎಂಬ ಷರಾ ಎಲ್ಲ ಅರ್ಜಿಗೂ ಬೀಳುವಂಥದ್ದು. ಅದನ್ನೇ ನೆಚ್ಚಿಕೊಂಡು ಮನೆಗೆ ಮರಳಬಾರದು. ಚಳಿಗಾಲದ ಅಧಿವೇಶನಕ್ಕೆ ಶಾಸಕರು ಬೆಳಗಾವಿಗೆ ಹೋದಾಗ ತೋಟಗಳಲ್ಲಿ ಕಾಫಿ ಕೊಯ್ಲಿನ ಗಡಿಬಿಡಿಯೂ ಇರುವುದರಿಂದ, ತುರ್ತಿನ ಕೆಲಸವನ್ನು ಅದಕ್ಕೆ ಮೊದಲೇ ಮುಟ್ಟಿಸುವುದು ಲೇಸು.

‘ಸಾಹೇಬರೇ ಹೇಳಿದ್ದಾರೆ’ ಎಂಬ ಮಾತು ನಿಜವಾಗಿಯೂ ಸಾಹೇಬರದೋ, ಹೇಳಿದವರದೋ ಎಂದು ಅನುಮಾನ ಬಂದರೆ, ಅದನ್ನು ಬರಹದಲ್ಲಿ ಕೊಡುವಂತೆ ವಿನಯದಿಂದ ಕೇಳಿ. ಸ್ವಂತದ ಮಾತಾದರೆ ಸಾಮಾನ್ಯವಾಗಿ ಅಲ್ಲಿಗೇ ತಣ್ಣಗಾಗುತ್ತದೆ. ಹಣದ ಸೂಚನೆ ಬಂದರೆ ಚೌಕಾಸಿಗಿಳಿಯದೆ ಲೋಕಾಯುಕ್ತಕ್ಕೆ ದೂರು ಕೊಡಬೇಕು. ಎಲ್ಲವೂ ಸರಿಯಿದ್ದು ಕಡತ ಮಾತ್ರ ಕದಲದಿದ್ದರೆ, ಆಪ್ತ ಸಹಾಯಕರನ್ನು ಮತ್ತೆ ಮತ್ತೆ ಕಾಡುವ ಬದಲು, 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕ ಕಟ್ಟಿ, ಶಾಸಕರ ಪತ್ರದ ಮೇಲೆ ಕೈಗೊಂಡ ಕ್ರಮವೇನೆಂದು ಸಂಬಂಧಪಟ್ಟ ಇಲಾಖೆಯನ್ನೇ ಕೇಳಬಹುದು. ಉತ್ತರಕ್ಕೆ ಅವರಿಗಿರುವ ಅವಧಿ 30 ದಿನ.