ಹಳೇ ಲಕ್ಷುರಿ ಕಾರಲ್ಲಿ ಹಿಂದಿನ ಸೀಟಿಗೆ ಎಸಿ ಬರ್ತಿರ್ಲಿಲ್ಲ, ಸರಿ ಮಾಡಿದ್ದು ಹೀಗೆ

1993ರ ಜರ್ಮನ್ ಸೆಡಾನ್. ಮುಂದಿನ ವೆಂಟಲ್ಲಿ 8 ಡಿಗ್ರಿ, ಹಿಂದೆ ನಡುವಿನ ವೆಂಟಲ್ಲಿ 26, ಅದೂ ಉಸಿರು ಬಿಟ್ಟಷ್ಟೇ ಗಾಳಿ. ವೆಂಟ್ ಪಕ್ಕದ ಚಕ್ರ ಎಷ್ಟು ತಿರುಗಿಸಿದ್ರೂ ಅಷ್ಟೇ.

ಎರಡು ಸಲ ಗ್ಯಾಸ್ ತುಂಬ್ಸಿದೆ, ಫಿಲ್ಟರ್ ಬದಲಾಯ್ಸಿದೆ, ಬ್ಲೋವರ್ ಬಿಚ್ಚಿಸಿ ಕ್ಲೀನ್ ಮಾಡ್ಸಿದೆ, ಯಾವ್ದೂ ಪ್ರಯೋಜನ ಆಗ್ಲಿಲ್ಲ. ಮುಂದೆ ತಣ್ಣಗಿದೆ ಅಂದ್ರೆ ಗ್ಯಾಸ್ ಸರಿ ಇದೆ ಅಂತ್ಲೇ ಅರ್ಥ, ಅದಕ್ಕೆ ದುಡ್ಡು ಹಾಕ್ಬೇಡಿ.

ಈ ಕಾರಲ್ಲಿ ಹಿಂದಕ್ಕೆ ಗಾಳಿ ಬಿಡೋ ಫ್ಲಾಪ್ (ಸಣ್ಣ ಮುಚ್ಚಳ) ತೆರೆಯೋದು ಮೋಟರ್ ಅಲ್ಲ, ಎಂಜಿನ್ನಿನ ವ್ಯಾಕ್ಯೂಮ್, ಅಂದ್ರೆ ಪೈಪಿನ ಮೂಲಕ ಗಾಳಿ ಎಳೆಯೋ ಶಕ್ತಿ. (1940ರ ಪ್ಯಾಕಾರ್ಡ್ ಅನ್ನೋ ಅಮೆರಿಕನ್ ಕಾರಿನ ಥರದ್ರಲ್ಲಿ ಕೂಲಿಂಗ್ ಯೂನಿಟ್ಟೇ ಡಿಕ್ಕಿಯಲ್ಲಿರುತ್ತೆ, ಅದಕ್ಕೆ ಇದು ಅನ್ವಯಿಸಲ್ಲ.)

ಎಂಜಿನ್ ಆಫ್ ಮಾಡಿ, ಹಿಂದಿನ ಆಶ್‌ಟ್ರೇ ಎಳೆದು ತೆಗೆದು, ಒಳಗಿನ ಎರಡು ಸ್ಕ್ರೂ ಬಿಚ್ಚಿದ್ರೆ ಫ್ಲಾಪಿನ ಡಯಾಫ್ರಾಮ್ (ವ್ಯಾಕ್ಯೂಮ್ ಎಳೆದಾಗ ಫ್ಲಾಪ್ ಸರಿಸೋ ರಬ್ಬರ್ ಪೊರೆ) ಕಾಣುತ್ತೆ, ಅದರ ಸಣ್ಣ ಪೈಪ್ ಕಿತ್ತು ಕೈ ವ್ಯಾಕ್ಯೂಮ್ ಪಂಪ್ ಹಾಕಿ ಅದರ ಮೀಟರಲ್ಲಿ 15 ಇಂಚಿಗೆ (ವ್ಯಾಕ್ಯೂಮನ್ನ ಪಾದರಸದ ಇಂಚಲ್ಲಿ ಅಳೀತಾರೆ) ಎಳೀರಿ. ಒಂದು ನಿಮಿಷ ಮುಳ್ಳು ಅಲ್ಲಾಡಬಾರ್ದು. ನಂದು ನಿಂತಿತ್ತು, ಅಂದ್ರೆ ಡಯಾಫ್ರಾಮ್ ಚೆನ್ನಾಗಿದೆ. ಆಮೇಲೆ ಅದೇ ಪೈಪಿನ ಇನ್ನೊಂದು ತುದಿಯನ್ನ ಮುಂದೆ ವ್ಯಾಕ್ಯೂಮ್ ಬಿಡೋ ವಾಲ್ವ್ ಹತ್ರ ಕಿತ್ತು ಬೆರಳಲ್ಲಿ ಮುಚ್ಚಿಸಿ ಪೈಪಿಗೆ ಪಂಪ್ ಹಾಕ್ದೆ, 4 ಸೆಕೆಂಡಲ್ಲಿ ಮುಳ್ಳು ಸೊನ್ನೆ! ಅಂದ್ರೆ ಲೀಕ್ ಪೈಪಲ್ಲೇ. ಕಾರ್ಪೆಟ್ ಎತ್ತಿದ್ರೆ ಪೈಪುಗಳನ್ನ ಕೂಡಿಸೋ T ಆಕಾರದ ರಬ್ಬರ್ ಜಾಯಿಂಟ್ ಸಿಕ್ತು, ಎರಡು ಬೆರಳಲ್ಲಿ ಒತ್ತಿದ್ದಕ್ಕೆ ಹಪ್ಪಳದ ಥರ ಪುಡಿಯಾಯ್ತು.

ಅದೇ ಅಳತೆದು ಹೊಸ ಜಾಯಿಂಟ್ ಹಾಕಿ, ಕಾರ್ಪೆಟ್ ಮುಚ್ಚೋಕೆ ಮುಂಚೆ ಮತ್ತೆ 15ಕ್ಕೆ ಎಳೆದು ನೋಡ್ದೆ, ನಿಲ್ತು. ಈಗ ಫ್ಯಾನ್ 3, ರೀಸರ್ಕ್ಯುಲೇಶನ್ (ಕಾರೊಳಗಿನ ಗಾಳಿನೇ ಮತ್ತೆ ತಣ್ಣಗೆ ಮಾಡೋದು) ಆನ್, ಮುಂದಿನ ನಡುವಿನ ವೆಂಟ್ ಅರ್ಧ, ಹಿಂದಿನ ಚಕ್ರ ಪೂರ್ತಿ ಇಟ್ರೆ ಹತ್ತು ನಿಮಿಷದಲ್ಲಿ ಹಿಂದೆ 11 ಡಿಗ್ರಿ.