ಜಿರಲೆ ತಿಂದ ಚಿತ್ತಾರ ಮತ್ತು ನಮ್ಮ ಓದುಗರ ಬಳಗ

ನಾನು ಸಾಗರ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕಿ. ಈಗ ಬಾಗಿಲ ಮೇಲೆ 'ಅರಿವು ಕೇಂದ್ರ' ಅಂತ ಬೋರ್ಡಿದೆ. ಊರವರ ಬಾಯಲ್ಲಿ ಮಾತ್ರ ಇದು ಇನ್ನೂ 'ಪೇಪರ್ ಮನೆ'. ಬೆಳಿಗ್ಗೆ ನಾಲ್ಕೈದು ಗಂಡಸರು ಬಂದು ಅಡಿಕೆ ಧಾರಣೆ ನೋಡಿ ಹೋಗುತ್ತಾರೆ. 2020ರಲ್ಲಿ ಪಂಚಾಯಿತಿ ಗ್ರಂಥಾಲಯಗಳಲ್ಲಿ 'ಓದುವ ಬೆಳಕು' ಕಾರ್ಯಕ್ರಮ ಶುರುವಾಗಿ ಮಕ್ಕಳಿಗೆ ಸದಸ್ಯತ್ವ ಉಚಿತವಾಯಿತು. ಅಲ್ಲಿಂದ ಸಂಜೆ ಮಕ್ಕಳ ಗಲಾಟೆ. ಹೆಂಗಸರು ಮಾತ್ರ ಹೊಸ್ತಿಲ ತನಕ ಬಂದು "ನಮ್ ಹುಡ್ಗ ಇದಾನಾ?" ಅಂತ ಕೇಳಿ ವಾಪಸ್ ಹೋಗುವವರು.

2023ರ ಜೂನ್‌ನಲ್ಲಿ ಓದುಗರ ಬಳಗ ಅಂತ ಒಂದು ಶುರು ಮಾಡಿದೆ. ಜೂನ್! ಮಳೆ ಹಿಡಿದು ಗದ್ದೆ ಕೆಲಸ ಶುರುವಾಗುವ ಹೊತ್ತಲ್ಲಿ ಕಾದಂಬರಿ ಓದಿ ಬನ್ನಿ ಅಂದರೆ ಯಾರು ಬರುತ್ತಾರೆ? ಮೊದಲ ಸಲ ಒಂಬತ್ತು ಜನ ಬಂದರು. ತೇಜಸ್ವಿಯವರ 'ಕರ್ವಾಲೊ' ಆರಿಸಿದ್ದೆ. ಸಣ್ಣ ಪುಸ್ತಕ, ಮಲೆನಾಡಿನದೇ ಕಥೆ, ಓದಿಸಿಕೊಂಡು ಹೋಗುತ್ತದೆ ಅಂತ. ಆದರೆ ನಮ್ಮಲ್ಲಿದ್ದದ್ದು ಒಂದೇ ಪ್ರತಿ. ಒಬ್ಬರು ಓದಿ ಇನ್ನೊಬ್ಬರಿಗೆ ದಾಟಿಸುವಷ್ಟರಲ್ಲಿ ಎರಡು ತಿಂಗಳು ಹೋಯಿತು. ಮೂರನೇ ಸಭೆಗೆ ಬಂದವರು ಇಬ್ಬರು. ಅದರಲ್ಲಿ ಒಬ್ಬರು ಮಳೆಗೆ ನಿಂತವರು.

ತಪ್ಪು ನನ್ನದೂ ಇತ್ತು. ಕೈಯಲ್ಲಿ ಚೀಟಿ ಹಿಡಿದು ಪ್ರಶ್ನೆ ಕೇಳುತ್ತಿದ್ದೆ. ಈ ಪಾತ್ರ ಯಾಕೆ ಹೀಗೆ ಮಾಡಿತು, ನಿಮಗೆ ಏನು ಅನ್ನಿಸಿತು. ಪರೀಕ್ಷೆಗೆ ಕೂತ ಹಾಗೆ ಎಲ್ಲರೂ ತಲೆ ತಗ್ಗಿಸುತ್ತಿದ್ದರು. ಸೆಪ್ಟೆಂಬರ್ ಹೊತ್ತಿಗೆ ಬಳಗ ಮುಚ್ಚಿಯೇ ಹೋಯಿತು.

ಆ ನವೆಂಬರ್‌ನಲ್ಲಿ ಗ್ರಂಥಾಲಯದಲ್ಲಿ ಬುಟ್ಟಿಗಳ ಪ್ರದರ್ಶನ ಇಟ್ಟೆ. ಅದಕ್ಕೂ ಬಳಗಕ್ಕೂ ಆಗ ಸಂಬಂಧವೇ ಇರಲಿಲ್ಲ. ನವೆಂಬರ್ 14ರಿಂದ 20 ಗ್ರಂಥಾಲಯ ಸಪ್ತಾಹ. ಪ್ರತಿ ವರ್ಷ ಪುಸ್ತಕ ಜೋಡಿಸಿ ಫೋಟೋ ತೆಗೆಸುವುದೇ ಆಗಿತ್ತು. ಈ ಸಲ ಬೇರೆ ಏನಾದರೂ ಇಡೋಣ ಅಂದುಕೊಂಡೆ. ನಮ್ಮೂರಲ್ಲಿ ದೀವರು ಸಮುದಾಯದ ಮನೆಗಳೇ ಜಾಸ್ತಿ. ಭೂಮಿ ಹುಣ್ಣಿಮೆಗೆ ಮನೆಮನೆಯಲ್ಲೂ ಭೂಮಣ್ಣಿ ಬುಟ್ಟಿ ಬರೆಯುತ್ತಾರೆ. ಭತ್ತ ಹೊಡೆ ತುಂಬಿರುವ ಕಾಲ ಅದು. ಗದ್ದೆ ಬಸುರಿ, ಅವಳಿಗೆ ಬಯಕೆ ಊಟ. ಬೆಳಕು ಹರಿಯುವ ಮುಂಚೆ ಅಡುಗೆಯನ್ನು ಈ ಬುಟ್ಟಿಯಲ್ಲಿ ಹೊತ್ತು ಹೋಗುತ್ತಾರೆ. ಹಬ್ಬ ಮುಗಿದರೆ ಬುಟ್ಟಿ ಅಟ್ಟ ಸೇರುತ್ತದೆ. ಆ ವರ್ಷ ಹುಣ್ಣಿಮೆ ಅಕ್ಟೋಬರ್ 28ಕ್ಕೆ. ಅಟ್ಟ ಹತ್ತುವ ಮುಂಚೆ ನನಗೆ ಕೊಡಿ ಅಂತ ಮನೆಮನೆ ತಿರುಗಿದೆ.

"ಇದ್ನ ಯಾರ್ ನೋಡ್ತಾರೆ, ಎಲ್ರ ಮನೇಲೂ ಇದೆ" ಅಂದರು. ನಿಜ. ಆದರೂ ಹದಿಮೂರು ಬುಟ್ಟಿ ಬಂದವು.

ಹತ್ತಿರದಿಂದ ನೋಡಿದರೆ ಬುಟ್ಟಿ ಮೇಲೆ ಕೆಲಸ ಎಷ್ಟಿದೆ ಅಂತ ತಿಳಿಯುತ್ತದೆ. ಮೊದಲು ಸೆಗಣಿ ಬಳಿದು ಹೆಣಿಗೆಯ ಸಂದಿಗಳನ್ನು ಮುಚ್ಚಬೇಕು. ಒಣಗಿದ ಮೇಲೆ ಕೆಮ್ಮಣ್ಣು. ಅದರ ಮೇಲೆ ನೆನೆಸಿ ಅರೆದ ಅಕ್ಕಿಯ ಬಿಳಿ ಗೆರೆ. ಕುಂಚ ಅಂದರೆ ಪುಂಡಿ ನಾರಿನ ಎಳೆ, ಅಷ್ಟೇ. ಭತ್ತದ ತೆನೆ, ಏಣಿ, ಗಾಡಿ, ಜೋಗಿ ಜಡೆ ಎಲ್ಲ ಆ ಎಳೆಯಲ್ಲೇ ಬರಬೇಕು. ಒಂದು ಗೆರೆ ನಡುಗಿದರೆ ಪಕ್ಕದ ನಾಲ್ಕು ಗೆರೆ ಹೇಳಿಬಿಡುತ್ತವೆ.

ನಾನು ಬುಟ್ಟಿಗಳನ್ನು ಕಪಾಟಿನ ಮೇಲೆ ಸಾಲಾಗಿ ಇಟ್ಟು ಮನೆಗೆ ಹೋದೆ. ಮೂರು ದಿನ ದೀಪಾವಳಿ, ನವೆಂಬರ್ 14 ಬಲಿಪಾಡ್ಯ, ಹಾಗಾಗಿ ಬಾಗಿಲು ತೆಗೆದಿದ್ದು ಬುಧವಾರ. ಎರಡು ಬುಟ್ಟಿಯ ಬಿಳಿ ಗೆರೆ ಅಲ್ಲಲ್ಲಿ ಮಾಯ. ಜಿರಲೆ! ಅಕ್ಕಿ ಹಿಟ್ಟು ಅಲ್ವಾ, ತಿಂದು ಮುಗಿಸಿದ್ದವು. ಪುಸ್ತಕದ ರಟ್ಟಿನ ಅಂಟು ತಿನ್ನುವ ಜಿರಲೆಗಳ ಪರಿಚಯ ನನಗೆ ವರ್ಷಗಳಿಂದ ಇದೆ. ಆದರೂ ಹೊಳೆದಿರಲಿಲ್ಲ. ಅಳುವುದೊಂದು ಬಾಕಿ.

ಬುಟ್ಟಿಯ ಒಡತಿಗೆ ಹೇಗೆ ಹೇಳುವುದು ಅಂತ ಹೆದರುತ್ತಲೇ ಹೋದೆ. ಅವರು ನಕ್ಕರು. "ಹಬ್ಬದ ಊಟ ಅವಕ್ಕೂ ಆಯ್ತು ಬಿಡು" ಅಂದರು. ಮರುದಿನ ಬಟ್ಟಲಲ್ಲಿ ಹಿಟ್ಟು ಕಲಸಿಕೊಂಡು ಗ್ರಂಥಾಲಯಕ್ಕೇ ಬಂದರು. ನೆಲದ ಮೇಲೆ ಕೂತು ಹೋದ ಗೆರೆಗಳನ್ನು ತುಂಬಿದರು. ಶಾಲೆ ಮುಗಿಸಿ ಬಂದ ಮಕ್ಕಳು ಸುತ್ತ ಮುತ್ತಿದರು. ಅಮ್ಮಂದಿರು ಮಕ್ಕಳನ್ನು ಹುಡುಕಿಕೊಂಡು ಬಂದರು. ಮೊದಲ ಸಲ ಹೊಸ್ತಿಲು ದಾಟಿದರು. ಅವತ್ತಿನಿಂದ ಜಿರಲೆ ಬರದಿರಲಿ ಅಂತ ಕಪಾಟಿನ ತುಂಬ ಲಕ್ಕಿ ಸೊಪ್ಪು ಇಡುತ್ತೇನೆ.

ಗೋಡೆಗೆ ಮೊಳೆ ಹೊಡೆಯುವ ಹಾಗಿರಲಿಲ್ಲ. ಅಡಿಕೆ ಮರ ಸೀಳಿದ ದಬ್ಬೆ ಕಟ್ಟಿ ಮೆಟ್ಟಿಲ ಥರ ಸ್ಟ್ಯಾಂಡ್ ಮಾಡಿದೆವು. ಖರ್ಚು ಅಂದರೆ ಹಗ್ಗ, ಕ್ಲಿಪ್ಪು ಸೇರಿ 180 ರೂಪಾಯಿ. ಬುಟ್ಟಿ ಪಕ್ಕ ಇಡುವ ಚೀಟಿಗಳದ್ದೇ ತಕರಾರು. ನಾನು ಗುಂಡಗೆ ಬರೆದಿದ್ದ 'ನೈಸರ್ಗಿಕ ಬಣ್ಣದ ಪಾರಂಪರಿಕ ಕಲೆ' ಓದಿ ಒಬ್ಬರು ಕೇಳಿದರು, "ಇದು ಯಾರ ಬುಟ್ಟಿ ಅಂತ ಎಲ್ ಬರ್ದೀಯ?" ಎಲ್ಲ ಹರಿದು ಹಾಕಿದೆ. ಬುಟ್ಟಿಯ ಒಡತಿಯರು ಹೇಳಿದ ಹಾಗೆ ಏಳನೇ ಕ್ಲಾಸಿನ ಹುಡುಗಿ ಬರೆದಳು. ಹೆಸರು, ಯಾರ ಹತ್ತಿರ ಕಲಿತದ್ದು, ತವರು ಯಾವುದು. ತವರಿನ ಹೆಸರು ಹಾಕಲೇಬೇಕು ಅಂತ ಹತ್ತು ಜನ ಹಟ ಹಿಡಿದರು. ಗೆರೆ ಎಳೆಯುವ ರೀತಿ ತವರಿಂದ ಬಂದದ್ದಂತೆ.

ಪ್ರದರ್ಶನ 18, 19, ಶನಿವಾರ ಮತ್ತು ಭಾನುವಾರ. ಶನಿವಾರ ಜಾತ್ರೆಯ ಹಾಗೆ ಜನ. ಭಾನುವಾರ ಮಧ್ಯಾಹ್ನ ಅಹಮದಾಬಾದಿನಲ್ಲಿ ವಿಶ್ವಕಪ್ ಫೈನಲ್. ದಿನ ಗೊತ್ತು ಮಾಡುವಾಗ ಒಬ್ಬರಾದರೂ ನೆನಪಿಸಬಾರದಿತ್ತಾ! ಎರಡು ಗಂಟೆಗೆ ಗಂಡಸರೆಲ್ಲ ಮಾಯ. ಉಳಿದವರು ಏಳೆಂಟು ಹೆಂಗಸರು, ಒಬ್ಬರು ಅಜ್ಜಿ, ನಾನು. ಹೊತ್ತು ಹೋಗಬೇಕಲ್ಲ. ಮೇಜಿನ ಮೇಲೆ 'ಕರ್ವಾಲೊ' ಇತ್ತು. ಸುಮ್ನೆ ಜೋರಾಗಿ ಓದಲು ಶುರು ಮಾಡಿದೆ. ಚೀಟಿ ಇಲ್ಲ, ಪ್ರಶ್ನೆ ಇಲ್ಲ. ಮುಕ್ಕಾಲು ಗಂಟೆ ಓದಿ ಗಂಟಲು ಒಣಗಿ ನಿಲ್ಲಿಸಿದೆ. ಅಜ್ಜಿ "ಆಮೇಲೆ?" ಅಂದರು. ಅವರಿಗೆ ಅಕ್ಷರ ಬರುವುದಿಲ್ಲ. ಬಳಗಕ್ಕೆ ಕರೆಯಬೇಕು ಅಂತ ನನಗೆ ಹೊಳೆದೇ ಇರಲಿಲ್ಲ.

ನಮ್ಮ ಓದುಗರ ಬಳಗ ಈಗ ಅಸಲಿಗೆ ಕೇಳುಗರ ಬಳಗ. ಒಂದೇ ಪ್ರತಿ ಸಾಕು. ಮುವ್ವತ್ತು ನಲವತ್ತು ನಿಮಿಷ ಓದುವುದು, ಕುತೂಹಲ ಇರುವ ಕಡೆ ನಿಲ್ಲಿಸುವುದು. ಏನು ಅನ್ನಿಸಿತು ಅಂತ ಕೇಳಬಾರದು. ಹೇಳುವುದಿದ್ದವರು ಹೇಳಿಯೇ ಹೇಳುತ್ತಾರೆ.

ಡಿಸೆಂಬರ್‌ನಲ್ಲಿ ಮತ್ತೆ ಜನ ಕಡಿಮೆಯಾದರು. ಅಡಿಕೆ ಕೊಯ್ಲು, ರಾತ್ರಿ ಹತ್ತರ ತನಕ ಸುಲಿತ. ಈಗ ಸುಲಿಯುವ ಮಿಷನ್ ಬಂದಿದೆ, ಆದರೂ ಕೈಸುಲಿತ ಪೂರ್ತಿ ನಿಂತಿಲ್ಲ. ಅಜ್ಜಿಯೇ ದಾರಿ ಹೇಳಿದರು. "ಕೈಗೆ ಕೆಲ್ಸ, ಕಿವಿಗೇನು? ಇಲ್ಲೇ ಬಂದು ಓದು." ಅಲ್ಲಿಂದ ವಾರಕ್ಕೆರಡು ರಾತ್ರಿ ಪುಸ್ತಕ ಹಿಡಿದು ಸುಲಿಯುವ ಚಪ್ಪರಕ್ಕೆ ಹೋದೆ. ಬಲ್ಬಿನ ಕೆಳಗೆ ನಾನು, ಸುತ್ತ ಮೆಟ್ಟುಗತ್ತಿ ಮುಂದೆ ಕೂತ ಹನ್ನೆರಡು ಜನ.

ಹಾರುವ ಓತಿಯ ಹತ್ತಿರ ಬಂದಾಗ ಜಗಳವೇ ಆಯಿತು. ಕಾದಂಬರಿಯಲ್ಲಿ ಅದನ್ನು ಹುಡುಕಿ ದೊಡ್ಡ ಕಾಡಿಗೆ ಹೋಗುತ್ತಾರೆ. ಅಡಿಕೆ ಕೊನೆ ಕೊಯ್ಯುವ ನಮ್ಮ ಕೊನೆಗಾರ ಕೈಯಲ್ಲಿದ್ದ ಅಡಿಕೆ ಕೆಳಗಿಟ್ಟ. "ಅಷ್ಟ್ ದೂರ ಯಾಕೆ? ತೋಟದಲ್ಲೇ ಇದೆ. ಒಂದ್ ಮರದಿಂದ ಇನ್ನೊಂದಕ್ಕೆ ತೇಲಿ ಹೋಗುತ್ತೆ. ಕತ್ತಿನ ಕೆಳಗೆ ಹಳದಿ ಚೀಲ ಬಿಚ್ಚಿ ಮಡಚ್ತದೆ." ಇಬ್ಬರು ಸುಳ್ಳು ಅಂದರು. ಮರುದಿನ ಬೆಳಿಗ್ಗೆ ಆರು ಜನ ತೋಟಕ್ಕೆ ಹೋಗಿ ಕತ್ತು ನೋವು ಬರುವ ತನಕ ಮೇಲೆ ನೋಡಿದೆವು. ಒಂಬತ್ತು ಗಂಟೆಯ ಬಿಸಿಲಿಗೆ ಒಂದು ಕಂಡಿತು. ಮರದ ಬಣ್ಣವೇ, ಅಲುಗಾಡಿದಾಗಷ್ಟೇ ಕಂಡದ್ದು. ಪಕ್ಕೆಯ ಚರ್ಮ ಹರಡಿ ಪಕ್ಕದ ಮರಕ್ಕೆ ಜಾರಿತು. ನಮ್ಮಲ್ಲಿ ಒಬ್ಬರೂ ಫೋನ್ ತೆಗೆಯಲಿಲ್ಲ.

'ಕರ್ವಾಲೊ' ಮುಗಿಯುವಷ್ಟರಲ್ಲಿ ಸುಲಿತವೂ ಮುಗಿಯಿತು. ಕೊನೆಯ ಮೂವತ್ತು ಪುಟದಲ್ಲಿ ಅಡಿಕೆ ಚೊಗರಿನ, ಅಂದರೆ ಒಗರು ರಸದ, ಕಲೆ. ಒಂದು ಪುಟದ ಅಂಚಿನಲ್ಲಿ ಯಾರದ್ದೋ ಹೆಬ್ಬೆಟ್ಟಿನ ಗುರುತು ಪೂರ್ತಿ ಮೂಡಿದೆ. ಇನ್ನೊಂದು ಪ್ರತಿಗೆ ಬೇಡಿಕೆ ಕಳಿಸಿದ್ದೇನೆ. ಇದನ್ನು ಮಾತ್ರ ಕಪಾಟಿನಿಂದ ತೆಗೆಯುವುದಿಲ್ಲ.